ಸ್ತನ ಕ್ಯಾನ್ಸರಿಗೆ ಹಾರ್ಮೋನ್ ತಡೆಯುವ ಮಾತ್ರೆ: ರಿಪೋರ್ಟ್ ಓದುವುದರಿಂದ ಐದನೇ ವರ್ಷದವರೆಗೆ

ಆಪರೇಷನ್ ಆಗಿ, ಕೀಮೋ ಮುಗಿದು, ಕರೆಂಟು (ರೇಡಿಯೇಷನ್) ಕೊಡಿಸಿಕೊಂಡು ಬಂದ ಮೇಲೆ ಡಾಕ್ಟರು ಒಂದು ಸಣ್ಣ ಮಾತ್ರೆ ಬರೆದು ‘ದಿನಕ್ಕೊಂದು, ಐದು ವರ್ಷ’ ಎನ್ನುತ್ತಾರೆ. ಅಷ್ಟೆಲ್ಲ ದಾಟಿದವರಿಗೆ ಇದು ವಿಟಮಿನ್ ಮಾತ್ರೆಯ ಹಾಗೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್, ಅಂದರೆ ಮೈಯ ಹಾರ್ಮೋನನ್ನು ಹಿಡಿದುಕೊಂಡು ಬೆಳೆಯುವ, ಕ್ಯಾನ್ಸರಿನಲ್ಲಿ ಟ್ಯಾಮಾಕ್ಸಿಫೆನ್ ಮಾತ್ರೆಯನ್ನು ಐದು ವರ್ಷ ನುಂಗಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಮೊದಲ ಐದು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ನಂತರದ ಐದು ವರ್ಷಗಳಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗುತ್ತದೆ. 15 ವರ್ಷಗಳ ಲೆಕ್ಕದಲ್ಲಿ ಸ್ತನ ಕ್ಯಾನ್ಸರಿನಿಂದ ಆಗುವ ಸಾವು ಮೂರನೇ ಒಂದು ಭಾಗದಷ್ಟು ತಗ್ಗುತ್ತದೆ. ಕೆಲವೇ ರೂಪಾಯಿಯ ಮಾತ್ರೆ ಇಷ್ಟು ಕೆಲಸ ಮಾಡುವುದು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅಪರೂಪ. ಎಡವಟ್ಟಾಗುವುದು ಹೆಚ್ಚಾಗಿ ಎರಡು ಕಡೆ: ಯಾರಿಗೆ ಯಾವ ಮಾತ್ರೆ ಎಂದು ಗೊತ್ತುಮಾಡುವಾಗ, ಆಮೇಲೆ ಎರಡು ಮೂರು ವರ್ಷಕ್ಕೆ ಯಾರಿಗೂ ಹೇಳದೆ ನಿಲ್ಲಿಸಿಬಿಡುವಾಗ. ಈ ಲೇಖನದ ಬಹುಪಾಲು ಆ ಎರಡರ ಸುತ್ತಲೇ ಇದೆ. ಡೋಸು ಬದಲಿಸುವುದು, ಮಾತ್ರೆ ನಿಲ್ಲಿಸುವುದು ಮಾತ್ರ ನಿಮ್ಮ ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರು) ಹೇಳಿದ ಮೇಲೆಯೇ.

ಮೊದಲು ರಿಪೋರ್ಟು

ಬಯಾಪ್ಸಿಯ ಜೊತೆಗೆ, ಕೋಶಗಳಿಗೆ ಬಣ್ಣ ಹಿಡಿಸಿ ನೋಡುವ ಐಎಚ್‌ಸಿ ಎಂಬ ರಿಪೋರ್ಟು ಬರುತ್ತದೆ. ಅದರಲ್ಲಿ ಇಆರ್, ಪಿಆರ್, ಹರ್-2 ಎಂಬ ಮೂರು ಸಾಲು ಹುಡುಕಿ. ಇಆರ್ ಎಂದರೆ ಈಸ್ಟ್ರೋಜನ್ ರಿಸೆಪ್ಟರ್, ಪಿಆರ್ ಎಂದರೆ ಪ್ರೊಜೆಸ್ಟಿರಾನ್ ರಿಸೆಪ್ಟರ್; ಹಾರ್ಮೋನು ಬಂದು ಕೂರುವ ಜಾಗಗಳಿವು. ಹರ್-2 ಕೋಶದ ಬೆಳವಣಿಗೆಯನ್ನು ಚುರುಕು ಮಾಡುವ ಒಂದು ಪ್ರೋಟೀನು. ನೂರು ಕ್ಯಾನ್ಸರ್ ಕೋಶಗಳಲ್ಲಿ ಒಂದಾದರೂ ಬಣ್ಣ ಹಿಡಿದಿದ್ದರೆ, ಅಂದರೆ 1% ಅಥವಾ ಹೆಚ್ಚಿದ್ದರೆ, ಅದು ಪಾಸಿಟಿವ್. 1ರಿಂದ 10% ಇದ್ದರೆ ‘ಲೋ ಪಾಸಿಟಿವ್’ ಎಂದು ಬರೆಯುತ್ತಾರೆ. ಅಂಥವರಲ್ಲಿ ಮಾತ್ರೆಯ ಲಾಭ ಅಷ್ಟು ಖಚಿತವಲ್ಲದ ಕಾರಣ ಡಾಕ್ಟರ ಜೊತೆ ಕೂತು ಮಾತಾಡಿಯೇ ತೀರ್ಮಾನಿಸಬೇಕು. ಕೆಲವು ಲ್ಯಾಬುಗಳು ಶೇಕಡಾ ಬಿಟ್ಟು ‘ಆಲ್‌ರೆಡ್ ಸ್ಕೋರ್’ ಕೊಡುತ್ತವೆ. 8ಕ್ಕೆ 3 ಅಥವಾ ಮೇಲಿದ್ದರೆ ಪಾಸಿಟಿವ್. ಹರ್-2 ಪಾಸಿಟಿವ್ ಇದ್ದು ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ನಡೆಯುತ್ತಿದ್ದರೂ, ಇಆರ್ ಪಾಸಿಟಿವ್ ಆಗಿದ್ದರೆ ಹಾರ್ಮೋನ್ ಮಾತ್ರೆ ಬೇಕೇ ಬೇಕು. ಒಂದು ಇನ್ನೊಂದಕ್ಕೆ ಬದಲಿಯಲ್ಲ.

ಇಆರ್ ನೆಗೆಟಿವ್ ಎಂದು ಬಂದಿದ್ದರೆ ಒಂದು ಪ್ರಶ್ನೆ ಕೇಳುವುದು ಬಾಕಿಯಿದೆ: ಗಂಟನ್ನು ಎಲ್ಲಿ ತೆಗೆದರು, ಯಾವುದರಲ್ಲಿ ಹಾಕಿ ಕಳಿಸಿದರು? ತೆಗೆದ ಗಂಟು ಒಂದು ಗಂಟೆಯೊಳಗೆ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಬೀಳಬೇಕು. ದೊಡ್ಡ ಗಂಟಾದರೆ ಕತ್ತರಿಸಿ ಹಾಕಬೇಕು, ಇಲ್ಲದಿದ್ದರೆ ಒಳಗಿನ ಭಾಗಕ್ಕೆ ಫಾರ್ಮಲಿನ್ ಇಳಿಯುವುದಿಲ್ಲ. ಅದರಲ್ಲಿ ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ ಇರಬೇಕು. ಸಣ್ಣ ನರ್ಸಿಂಗ್ ಹೋಮಿನಲ್ಲಿ ಶನಿವಾರ ಸಂಜೆ ತೆಗೆದ ಗಂಟನ್ನು ಸಲೈನಿನಲ್ಲಿಟ್ಟು, ಮನೆಯವರ ಕೈಯಲ್ಲಿ ಸೋಮವಾರ ಲ್ಯಾಬಿಗೆ ಕಳಿಸಿದರೆ ರಿಸೆಪ್ಟರುಗಳು ಕೆಟ್ಟುಹೋಗಿ, ಪಾಸಿಟಿವ್ ಆಗಿದ್ದದ್ದು ನೆಗೆಟಿವ್ ಎಂದು ಕಾಣಿಸಬಹುದು. ಅಕ್ಕಪಕ್ಕದ ಆರೋಗ್ಯವಂತ ಸ್ತನಕೋಶಗಳೂ ಬಣ್ಣ ಹಿಡಿದಿಲ್ಲವೆಂದರೆ ತಪ್ಪು ಪರೀಕ್ಷೆಯದೇ. ಗ್ರೇಡ್ 1 (ನಿಧಾನ ಬೆಳೆಯುವ) ಕಾಯಿಲೆ, ಟ್ಯುಬ್ಯುಲರ್ ಅಥವಾ ಮ್ಯೂಸಿನಸ್ ಬಗೆ ಎಂದು ಬರೆದಿದ್ದೂ ಇಆರ್ ನೆಗೆಟಿವ್ ಎಂದರೆ ಅನುಮಾನ ಪಡಲೇಬೇಕು, ಅವು ಹಾಗೆ ಬರುವುದು ಬಲು ಕಡಿಮೆ. ಗಂಟಿನ ತುಂಡನ್ನು ಮೇಣದಲ್ಲಿ ಹುದುಗಿಸಿಟ್ಟ ಪ್ಯಾರಫಿನ್ ಬ್ಲಾಕ್ ನಿಮಗೆ ಕೇಳಿ ಪಡೆಯಲು ಬರುತ್ತದೆ. ಬ್ಲಾಕು, ಸ್ಲೈಡು ಎರಡನ್ನೂ ಪಡೆದು ಕಿದ್ವಾಯಿ ಸಂಸ್ಥೆಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇನ್ನೊಮ್ಮೆ ನೋಡಿಸಿ. ಬ್ಲಾಕನ್ನು ಬಿಸಿಲಲ್ಲಿ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ. ಅದು ಮೇಣ, ಕರಗುತ್ತದೆ.

ಮುಟ್ಟು ನಿಂತಿದೆಯೇ? ನಿಜವಾಗಿ ನಿಂತಿದೆಯೇ?

ಇಡೀ ಚಿಕಿತ್ಸೆ ನಿಂತಿರುವುದು ಈ ಪ್ರಶ್ನೆಯ ಮೇಲೆ. ಹಾಗಿದ್ದೂ ಗಡಿಬಿಡಿಯ ಒಪಿಡಿಯಲ್ಲಿ ಇದಕ್ಕೆ ಸಿಗುವುದು ಅರ್ಧ ನಿಮಿಷ.

ಮುಟ್ಟು ಇರುವ ವಯಸ್ಸಿನಲ್ಲಿ ಈಸ್ಟ್ರೋಜನ್ ತಯಾರಾಗುವುದು ಮುಖ್ಯವಾಗಿ ಅಂಡಾಶಯದಲ್ಲಿ. ಮುಟ್ಟು ನಿಂತ ಮೇಲೆ ಅಂಡಾಶಯ ಸುಮ್ಮನಾಗುತ್ತದೆ, ಆದರೂ ಕೊಬ್ಬು, ಸ್ನಾಯು ಮುಂತಾದ ಕಡೆ ಅರೋಮಟೇಸ್ ಎಂಬ ಕಿಣ್ವ ಬೇರೆ ಹಾರ್ಮೋನುಗಳನ್ನು ಸ್ವಲ್ಪ ಸ್ವಲ್ಪ ಈಸ್ಟ್ರೋಜನ್ನಾಗಿ ಮಾಡುತ್ತಲೇ ಇರುತ್ತದೆ. ಲೆಟ್ರೊಜೋಲ್, ಅನಾಸ್ಟ್ರೊಜೋಲ್, ಎಕ್ಸೆಮೆಸ್ಟೇನ್ ಈ ಮೂರೂ ಆ ಕಿಣ್ವವನ್ನು ಕಟ್ಟಿಹಾಕುವ ಮಾತ್ರೆಗಳು. ಅಂಡಾಶಯ ಇನ್ನೂ ಕೆಲಸ ಮಾಡುತ್ತಿರುವವರಿಗೆ ಇವನ್ನಷ್ಟೇ ಕೊಟ್ಟರೆ ಉಲ್ಟಾ ಆಗುತ್ತದೆ: ಈಸ್ಟ್ರೋಜನ್ ಕಡಿಮೆಯಾಯಿತೆಂದು ಮೆದುಳು ಅಂಡಾಶಯವನ್ನು ಇನ್ನಷ್ಟು ಚುರುಕು ಮಾಡುತ್ತದೆ. ಮಕ್ಕಳಾಗದವರಿಗೆ ಅಂಡ ಬಿಡುಗಡೆಯಾಗಲೆಂದು ಫರ್ಟಿಲಿಟಿ ಸೆಂಟರುಗಳಲ್ಲಿ ಕೊಡುವುದು ಇದೇ ಲೆಟ್ರೊಜೋಲನ್ನು!

ನಮ್ಮ ಕಡೆ ಇಲ್ಲೊಂದು ಗುಂಡಿ ಇದೆ. ಮೂವತ್ತೈದು ನಲವತ್ತಕ್ಕೇ ‘ಬಿಳಿಸೆರಗು ಜಾಸ್ತಿ’, ‘ಗಡ್ಡೆ ಇದೆ’ ಎಂದು ಗರ್ಭಕೋಶ ತೆಗೆಸಿಕೊಂಡವರು ಬಹಳ. ಡಾಕ್ಟರು ‘ಮುಟ್ಟು ನಿಂತಿದೆಯಾ ಅಮ್ಮ?’ ಎಂದರೆ ‘ನಿಂತು ಹತ್ತು ವರ್ಷ ಆಯ್ತು’ ಎನ್ನುತ್ತಾರೆ. ಸುಳ್ಳೇನಲ್ಲ. ಆದರೆ ಗರ್ಭಕೋಶ ತೆಗೆದು ಅಂಡಾಶಯ ಬಿಟ್ಟಿದ್ದರೆ ಮುಟ್ಟಾಗುವುದಿಲ್ಲವೇ ಹೊರತು ಹಾರ್ಮೋನ್ ನಿಂತಿರುವುದಿಲ್ಲ. ನಲವತ್ತೆರಡರ ಹೆಂಗಸಿಗೆ ಈ ಒಂದು ಮಾತಿನ ಮೇಲೆ ಲೆಟ್ರೊಜೋಲ್ ಬರೆದರೆ ಐದು ವರ್ಷ ನೀರಿಗೆ ಹಾಕಿದಂತೆ. ಆದ್ದರಿಂದ ಹಳೆಯ ಆಪರೇಷನ್ನಿನ ಡಿಸ್ಚಾರ್ಜ್ ಕಾರ್ಡ್ ಹುಡುಕಿ ಫೈಲಿಗೆ ಸೇರಿಸಿ. ಅದರಲ್ಲಿ ‘ಎರಡೂ ಅಂಡಾಶಯ ತೆಗೆಯಲಾಗಿದೆ’ ಎಂದು ಸ್ಪಷ್ಟವಾಗಿ ಇದೆಯೇ ನೋಡಿ. ಕಾರ್ಡ್ ಕಳೆದಿದ್ದರೆ ಒಂದು ಸ್ಕ್ಯಾನು, ಎಫ್‌ಎಸ್‌ಎಚ್ (ಅಂಡಾಶಯವನ್ನು ಚುರುಕು ಮಾಡಲು ಮೆದುಳಿನಿಂದ ಬರುವ ಹಾರ್ಮೋನ್) ಮತ್ತು ಈಸ್ಟ್ರಡಯಾಲ್ (ಈಸ್ಟ್ರೋಜನ್ನಿನ ಮುಖ್ಯ ಬಗೆ) ರಕ್ತಪರೀಕ್ಷೆ ಸಾಕು.

ಎರಡನೆಯ ಗುಂಡಿ ಕೀಮೋದ್ದು. ಕೀಮೋ ನಡೆಯುವಾಗ ಮುಟ್ಟು ನಿಲ್ಲುವುದು ಸಾಮಾನ್ಯ. ನಲವತ್ತೈದರ ಆಸುಪಾಸಿನವರು ಒಂದು ವರ್ಷ ಮುಟ್ಟಾಗದಿದ್ದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಒಂದು, ಒಂದೂವರೆ ವರ್ಷದ ನಂತರವೂ ಅಂಡಾಶಯ ಎದ್ದು ಕೂರುವುದುಂಟು. ‘ಮುಟ್ಟು ನಿಂತಿದೆ’ ಎಂದು ಧೈರ್ಯವಾಗಿ ಹೇಳಬಹುದಾದದ್ದು ಇಷ್ಟು ಮಂದಿಗೆ: ಎರಡೂ ಅಂಡಾಶಯ ತೆಗೆಸಿಕೊಂಡವರಿಗೆ, 60 ದಾಟಿದವರಿಗೆ, ಇಲ್ಲವೇ ಕೀಮೋ, ಟ್ಯಾಮಾಕ್ಸಿಫೆನ್ ಯಾವುದೂ ಇಲ್ಲದೆ 12 ತಿಂಗಳು ಮುಟ್ಟಾಗದೆ ರಕ್ತಪರೀಕ್ಷೆಯೂ ಹಾಗೇ ಹೇಳುವವರಿಗೆ. ಟ್ಯಾಮಾಕ್ಸಿಫೆನ್ ತಗೊಳ್ಳುತ್ತಿರುವಾಗ ಎಫ್‌ಎಸ್‌ಎಚ್ ಒಂದನ್ನೇ ನಂಬಬಾರದು. ಈಸ್ಟ್ರಡಯಾಲ್ ಪರೀಕ್ಷೆಗೂ ಒಂದು ಮಿತಿಯಿದೆ: ಮಾಮೂಲಿ ಲ್ಯಾಬಿನ ವಿಧಾನ ಬಹಳ ಕಡಿಮೆ ಪ್ರಮಾಣವನ್ನು ಸರಿಯಾಗಿ ಅಳೆಯುವುದಿಲ್ಲ, ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನವೇ ಬೇಕೆಂದು ಕೇಳಿ. ಎಕ್ಸೆಮೆಸ್ಟೇನ್ ನುಂಗುವವರಲ್ಲಂತೂ ಮಾಮೂಲಿ ಪರೀಕ್ಷೆ ಸುಳ್ಳೇ ಹೆಚ್ಚು ತೋರಿಸಬಹುದು.

ಯಾರಿಗೆ ಯಾವುದು

ಟ್ಯಾಮಾಕ್ಸಿಫೆನ್ 20 ಮಿಲಿಗ್ರಾಂ, ದಿನಕ್ಕೊಂದು. ಇದು ಈಸ್ಟ್ರೋಜನ್ ತಯಾರಿಯನ್ನು ನಿಲ್ಲಿಸುವುದಿಲ್ಲ. ಸ್ತನದ ಕೋಶದಲ್ಲಿರುವ ರಿಸೆಪ್ಟರಿನಲ್ಲಿ ತಾನೇ ಹೋಗಿ ಕೂತು ಈಸ್ಟ್ರೋಜನ್ನಿಗೆ ಜಾಗವಿಲ್ಲದಂತೆ ಮಾಡುತ್ತದೆ. ಹಾಗಾಗಿ ಮುಟ್ಟು ಇರಲಿ, ನಿಂತಿರಲಿ, ಎರಡೂ ಸ್ಥಿತಿಯಲ್ಲಿ ಕೆಲಸ ಮಾಡುತ್ತದೆ. ಸ್ತನ ಕ್ಯಾನ್ಸರ್ ಬಂದ ಗಂಡಸರಿಗೂ ಮೊದಲ ಆಯ್ಕೆ ಇದೇ. ವಿಚಿತ್ರವೆಂದರೆ ಗರ್ಭಕೋಶದ ಒಳಪದರದಲ್ಲಿ ಇದು ಈಸ್ಟ್ರೋಜನ್ನಿನ ಹಾಗೇ ವರ್ತಿಸುತ್ತದೆ, ಮುಟ್ಟು ನಿಂತವರ ಮೂಳೆಯಲ್ಲೂ ಅಷ್ಟೇ. ಮೊದಲನೆಯದು ಕಾಟ, ಎರಡನೆಯದು ಲಾಭ. ಇದನ್ನು 1962ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಡೋರಾ ರಿಚರ್ಡ್‌ಸನ್ ತಯಾರಿಸಿದ್ದು ಗರ್ಭನಿರೋಧಕ ಹುಡುಕುವ ಕೆಲಸದಲ್ಲಿ. ಆ ಕೆಲಸಕ್ಕೆ ಅದು ಬರಲಿಲ್ಲ, ಬದಲಿಗೆ ಹೆಂಗಸರಲ್ಲಿ ಅಂಡ ಬಿಡುಗಡೆಯನ್ನೇ ಹೆಚ್ಚಿಸಿತು. ಈ ಹಳೆಯ ಸಂಗತಿ ಇವತ್ತಿಗೂ ಉಪಯುಕ್ತ, ಯಾಕೆಂಬುದು ಮುಂದೆ ಬರುತ್ತದೆ.

ಅರೋಮಟೇಸ್ ತಡೆಯುವ ಮೂರು ಮಾತ್ರೆಗಳಲ್ಲಿ ಲೆಟ್ರೊಜೋಲ್ 2.5, ಅನಾಸ್ಟ್ರೊಜೋಲ್ 1, ಎಕ್ಸೆಮೆಸ್ಟೇನ್ 25 ಮಿಲಿಗ್ರಾಂ, ಮೂರೂ ದಿನಕ್ಕೊಂದು. ಎಕ್ಸೆಮೆಸ್ಟೇನನ್ನು ಊಟವಾದ ಮೇಲೆ ನುಂಗಬೇಕು, ಉಳಿದೆರಡಕ್ಕೆ ಆ ಕಟ್ಟಿಲ್ಲ. ಮುಟ್ಟು ನಿಂತವರಲ್ಲಿ ಮರುಕಳಿಕೆ ತಡೆಯುವುದರಲ್ಲಿ ಇವು ಟ್ಯಾಮಾಕ್ಸಿಫೆನ್‌ಗಿಂತ ಸ್ವಲ್ಪ ಮುಂದೆ. ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮೊದಲೆರಡು ಮೂರು ವರ್ಷ ಟ್ಯಾಮಾಕ್ಸಿಫೆನ್ ಕೊಟ್ಟು ಆಮೇಲೆ ಇದಕ್ಕೆ ಬದಲಿಸುವುದೂ ಒಪ್ಪಿತ ಕ್ರಮವೇ.

ಚಿಕ್ಕ ವಯಸ್ಸು, ಕಂಕುಳಿನ ಗ್ರಂಥಿಗೂ ಹರಡಿದೆ, ಕೀಮೋ ಬೇಕಾಯಿತು ಎನ್ನುವವರಿಗೆ ಮಾತ್ರೆಯ ಜೊತೆ ಅಂಡಾಶಯವನ್ನು ಮಲಗಿಸುವ ಇಂಜೆಕ್ಷನ್ನೂ ಸೇರುತ್ತದೆ. ಗೊಸೆರೆಲಿನ್ 3.6 ಮಿಲಿಗ್ರಾಂ ಹೊಟ್ಟೆಯ ಚರ್ಮದಡಿ 28 ದಿನಕ್ಕೊಮ್ಮೆ, ಇಲ್ಲವೇ ಲ್ಯುಪ್ರೊಲೈಡ್ 3.75 ಮಿಲಿಗ್ರಾಂ ತಿಂಗಳಿಗೊಮ್ಮೆ. ಗೊಸೆರೆಲಿನ್ ಸೂಜಿ ದಪ್ಪ, ಒಳಗೆ ಅಕ್ಕಿಕಾಳಿನಷ್ಟು ಗುಳಿಗೆ ಇರುತ್ತದೆ, ಆದ್ದರಿಂದ ಅಭ್ಯಾಸವಿರುವ ನರ್ಸೇ ಹಾಕಲಿ. 28 ದಿನ ಎಂದರೆ 28 ದಿನವೇ. ‘ದಸರಾ ಮುಗಿಸಿಕೊಂಡು ಬರ್ತೀನಿ’ ಎಂದು ಎರಡು ವಾರ ಮುಂದೂಡಿದರೆ, ಜೊತೆಗೆ ಲೆಟ್ರೊಜೋಲೂ ಇದ್ದರೆ, ಅಂಡಾಶಯ ಎಚ್ಚರಾಗುವ ಅಪಾಯ ಇದೆ. ಪ್ರತಿ ತಿಂಗಳ ಖರ್ಚು, ಊರಿಂದ ಓಡಾಟ ಬೇಡವೆನ್ನುವವರು, ಮಕ್ಕಳು ಸಾಕೆನ್ನುವವರು ಲ್ಯಾಪರೋಸ್ಕೋಪಿಯಲ್ಲಿ ಅಂಡಾಶಯ ತೆಗೆಸಿಕೊಳ್ಳುವುದನ್ನು ಕೇಳಬಹುದು. ನಲವತ್ತೈದು ದಾಟಿದವರಿಗೆ ಇದು ಒಳ್ಳೆಯ ಲೆಕ್ಕಾಚಾರ. ಮೂವತ್ತರವರಿಗೆ ಮೂಳೆ, ಹೃದಯದ ದೃಷ್ಟಿಯಿಂದ ಅವಸರ ಬೇಡ. ಒಮ್ಮೆ ತೆಗೆದ ಅಂಡಾಶಯ ಮತ್ತೆ ಬಾರದು.

ಮಾತ್ರೆ ಶುರುಮಾಡುವ ಮುನ್ನ

ಟ್ಯಾಮಾಕ್ಸಿಫೆನ್ ಕೀಮೋದ ಜೊತೆ ಬೇಡ, ಕೀಮೋ ಮುಗಿದ ಮೇಲೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು ಆಗಿದ್ದು ಹಿಂದೆ ಇದ್ದರೆ ಮೊದಲೇ ಹೇಳಿ. ಅಂಥವರಿಗೆ ಸಾಮಾನ್ಯವಾಗಿ ಬೇರೆ ದಾರಿ ನೋಡುತ್ತಾರೆ. ಅರೋಮಟೇಸ್ ಮಾತ್ರೆ ಶುರುವಾಗುವುದಾದರೆ ಡೆಕ್ಸಾ ಸ್ಕ್ಯಾನ್ ಮಾಡಿಸಿ ಮೂಳೆ ಎಷ್ಟು ಗಟ್ಟಿ ಎಂದು ನೋಡಬೇಕು, ವಿಟಮಿನ್ ಡಿ ಮತ್ತು ಕೊಲೆಸ್ಟರಾಲ್ ಕೂಡ. ಡೆಕ್ಸಾವನ್ನು ಒಂದೆರಡು ವರ್ಷಕ್ಕೊಮ್ಮೆ ಅದೇ ಮೆಷಿನ್ನಿನಲ್ಲಿ ಮಾಡಿಸಿ, ಸೆಂಟರ್ ಬದಲಿಸಿದರೆ ಅಂಕಿ ಹೋಲಿಸಲು ಬರುವುದಿಲ್ಲ.

ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡೇ ಹೋಗಿ. ಟ್ಯಾಮಾಕ್ಸಿಫೆನ್ ನುಂಗಿದ ಹಾಗೇ ಕೆಲಸ ಮಾಡುವುದಿಲ್ಲ. ಲಿವರಿನಲ್ಲಿ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಎಂಡಾಕ್ಸಿಫೆನ್ ಆಗಿ ಬದಲಿಸಬೇಕು. ಆ ಕಿಣ್ವವನ್ನು ತಡೆಯುವ ಔಷಧಿ ಜೊತೆಗಿದ್ದರೆ ಟ್ಯಾಮಾಕ್ಸಿಫೆನ್ನಿನ ಬಲ ಕುಗ್ಗುತ್ತದೆ. ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್, ಪ್ಯಾರೊಕ್ಸೆಟಿನ್, ಬ್ಯುಪ್ರೊಪಿಯಾನ್ ಈ ಪಟ್ಟಿಯಲ್ಲಿವೆ, ವೆನ್ಲಾಫ್ಯಾಕ್ಸಿನ್ ಪರವಾಗಿಲ್ಲ. ಯಾರೂ ಯೋಚಿಸದ ಇನ್ನೊಂದು, ಹುಳುಕಡ್ಡಿಗೆ ಚರ್ಮದ ಡಾಕ್ಟರು ಬರೆಯುವ ಟರ್ಬಿನಾಫಿನ್ ಮಾತ್ರೆ. ಮುಲಾಮಾದರೆ ತೊಂದರೆಯಿಲ್ಲ. ವಾರ್ಫರಿನ್ ಇದ್ದರೆ ರಕ್ತ ಅತಿಯಾಗಿ ತೆಳುವಾಗಬಹುದು. ಥೈರಾಯ್ಡ್ ಮಾತ್ರೆ ಇರುವವರು ಟ್ಯಾಮಾಕ್ಸಿಫೆನ್ ಶುರುವಾದ ಎರಡು ತಿಂಗಳಿಗೆ ಟಿಎಸ್‌ಎಚ್ ನೋಡಿಸಿ. ಕ್ಯಾಲ್ಸಿಯಂ ಮಾತ್ರೆಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರವಿರಲಿ.

ಹಬ್ಬ, ಮದುವೆ, ತಿರುಪತಿ ಪ್ರವಾಸ ಬಂದಾಗ ಮುಟ್ಟು ಮುಂದೂಡುವ ಮಾತ್ರೆ ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವ ಅಭ್ಯಾಸ ಇದ್ದರೆ ಅದು ಇವತ್ತಿಗೇ ಕೊನೆ. ಅದು ಹಾರ್ಮೋನು. ಗರ್ಭನಿರೋಧಕ ಮಾತ್ರೆ, ಹಾರ್ಮೋನ್ ಬಿಡುವ ಲೂಪು, ಬಿಸಿ ಏರುವುದಕ್ಕೆಂದು ಕೊಡುವ ಈಸ್ಟ್ರೋಜನ್ ಮಾತ್ರೆ ಎಲ್ಲಕ್ಕೂ ಇದೇ ಮಾತು. ‘ಹೆಂಗಸರ ಟಾನಿಕ್’ ಎಂದು ಮಾರುವ ಶತಾವರಿ, ಅಶ್ವಗಂಧದ ಪುಡಿ, ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸದೆ ಬೇಡ. ಅಡುಗೆಗೆ ಹಾಕುವ ಅರಿಶಿನಕ್ಕೆ ಹೆದರಬೇಕಿಲ್ಲ, ಕರ್ಕ್ಯುಮಿನ್ ಕ್ಯಾಪ್ಸೂಲ್ ಮಾತ್ರ ಬಿಡಿ. ಸೋಯಾ ಊಟದಲ್ಲಿ ಬಂದರೆ ಅಡ್ಡಿಯಿಲ್ಲ.

ಬೆಂಗಳೂರಿನಲ್ಲಿ ಮಾತ್ರೆ ಹೊಂದಿಸಿಕೊಳ್ಳುವುದು

ಟ್ಯಾಮಾಕ್ಸಿಫೆನ್, ಲೆಟ್ರೊಜೋಲ್ ಎರಡೂ ದೇಶದ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿವೆ, ಹಾಗಾಗಿ ಬೆಲೆಗೆ ಸರ್ಕಾರದ ಮಿತಿಯಿದೆ. ಮೊದಲು ಹತ್ತಿರದ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಇಲ್ಲದಿದ್ದರೆ ತರಿಸಿಕೊಡಲು ಹೇಳಿ. ಬ್ರ್ಯಾಂಡಿನ ಹೆಸರು ಬಿಟ್ಟು ಒಳಗಿನ ಔಷಧಿಯ ಹೆಸರನ್ನೇ ಚೀಟಿಯಲ್ಲಿ ಬರೆಸಿಕೊಂಡರೆ ಕೆಲಸ ಸುಲಭ. ಟ್ಯಾಮಾಕ್ಸಿಫೆನ್ 10 ಮಿಲಿಗ್ರಾಂ, 20 ಮಿಲಿಗ್ರಾಂ ಎರಡೂ ಬರುತ್ತವೆ. ಅಂಗಡಿಯವರು 20 ಇಲ್ಲವೆಂದು 10 ಕೊಟ್ಟರೆ ದಿನಕ್ಕೆ ಎರಡು ಬೇಕು. ಇದನ್ನು ಗಮನಿಸದೆ ತಿಂಗಳುಗಟ್ಟಲೆ ಅರ್ಧ ಡೋಸಿನಲ್ಲೇ ಇರುವುದುಂಟು.

ಡೇರಿ ಸರ್ಕಲ್ ಬಳಿ, ನಿಮ್ಹಾನ್ಸ್ ಪಕ್ಕದಲ್ಲಿರುವ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಾಗಲಿ, ಸರ್ಕಾರದ ಆರೋಗ್ಯ ಯೋಜನೆಗೆ ಸೇರಿದ ಬೇರೆ ಆಸ್ಪತ್ರೆಯಲ್ಲಾಗಲಿ ಮೊದಲ ದಿನವೇ ಆರೋಗ್ಯ ಮಿತ್ರರ (ಯೋಜನೆಯ ಸಹಾಯಕರ) ಕೌಂಟರಿಗೆ ಹೋಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದವರೆಗೆ. ರೇಷನ್ ಕಾರ್ಡು, ಆಧಾರ್ ಎರಡೂ ಬೇಕು. ಹಾರ್ಮೋನ್ ಮಾತ್ರೆ, ಇಂಜೆಕ್ಷನ್ನಿಗೆ ಮಂಜೂರಾತಿ ಇದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ಕೀಮೋ ಮುಗಿದಲ್ಲಿಗೆ ಯೋಜನೆಯೂ ಮುಗಿಯಿತು ಎಂದುಕೊಂಡು ಎಷ್ಟೋ ಮಂದಿ ಸ್ವಂತ ದುಡ್ಡು ಹಾಕುತ್ತಾರೆ. ತುಮಕೂರು, ಕೋಲಾರ, ರಾಮನಗರದ ಕಡೆಯಿಂದ ಬರುವ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನ ಟಿಕೆಟ್ ಖರ್ಚಿಲ್ಲ. ಹಾಗಿದ್ದೂ ಮೂರು ತಿಂಗಳಿಗಾಗುವಷ್ಟು ಮಾತ್ರೆ ಒಟ್ಟಿಗೆ ಬರೆಸಿಕೊಳ್ಳುವುದೇ ಮೇಲು.

ದಿನದಿನದ ನುಂಗಾಟ

ಯಾವ ಹೊತ್ತಾದರೂ ಸರಿ, ಆದರೆ ದಿನಾ ಒಂದೇ ಹೊತ್ತು. ಬೆಳಿಗ್ಗೆ ನುಂಗಿ ವಾಕರಿಕೆ ಬಂದರೆ ರಾತ್ರಿ ಊಟದ ನಂತರಕ್ಕೆ ಬದಲಿಸಿ; ರಾತ್ರಿ ನಿದ್ದೆ ಕೆಟ್ಟರೆ ಬೆಳಿಗ್ಗೆಗೆ. ಸ್ಟ್ರಿಪ್ಪಿನ ಹಿಂದೆ ಪೆನ್ನಿನಿಂದ ವಾರದ ದಿನ ಬರೆದುಕೊಂಡರೆ ‘ಇವತ್ತು ತಗೊಂಡೆನೋ ಇಲ್ಲವೋ’ ಎಂಬ ಗೊಂದಲ ಇರುವುದಿಲ್ಲ. ಮರೆತದ್ದು ಅದೇ ದಿನ ನೆನಪಾದರೆ ನುಂಗಿ. ಮಾರನೇ ದಿನ ನೆನಪಾದರೆ ಹೋದದ್ದು ಹೋಯಿತು, ಎರಡು ಒಟ್ಟಿಗೆ ಬೇಡ. ಟ್ಯಾಮಾಕ್ಸಿಫೆನ್ ಮೈಯಲ್ಲಿ ದಿನಗಟ್ಟಲೆ ಉಳಿಯುವುದರಿಂದ ಒಂದು ದಿನ ತಪ್ಪಿದರೆ ಆಕಾಶ ಕಳಚಿ ಬೀಳುವುದಿಲ್ಲ. ತಿಂಗಳಿಗೆ ಎಂಟು ಹತ್ತು ದಿನ ತಪ್ಪಿದರೆ ಅದು ಬೇರೆ ಕಥೆ.

ಕಾಟ ಕೊಡುವ ಪರಿಣಾಮಗಳು, ಮತ್ತು ಏನು ಮಾಡಬಹುದು

ಮಾತ್ರೆ ಬಿಡುವವರಲ್ಲಿ ಹೆಚ್ಚಿನವರು ಬಿಡುವುದು ಮೊದಲ ಕೆಲವು ತಿಂಗಳಲ್ಲಿ ಬಿಸಿ ಏರುವುದಕ್ಕೆ, ಇಲ್ಲವೇ ಆಮೇಲೆ ಕೀಲುನೋವಿಗೆ. ಎರಡಕ್ಕೂ ಪರಿಹಾರವಿದೆ. ಸಹಿಸಿಕೊಂಡು ಸುಮ್ಮನಿರುವುದು, ಕೊನೆಗೊಂದು ದಿನ ಡಬ್ಬಿಯನ್ನು ಕಪಾಟಿಗೆ ಸೇರಿಸುವುದು, ಇವೆರಡೂ ಬೇಕಿಲ್ಲ.

ಇದ್ದಕ್ಕಿದ್ದಂತೆ ಮುಖ, ಎದೆ ಕಾದು ಬೆವರು ಸುರಿಯುವುದು ಕೆಲವು ತಿಂಗಳಲ್ಲಿ ತಾನಾಗಿ ತಗ್ಗುವುದುಂಟು. ಹತ್ತಿ ಬಟ್ಟೆ, ರಾತ್ರಿ ಫ್ಯಾನು, ಸಂಜೆಯ ಕಾಫಿ ಮತ್ತು ಖಾರ ಕಡಿಮೆ ಮಾಡುವುದು ಸ್ವಲ್ಪ ನೆರವಾಗುತ್ತವೆ. ಸಾಲದಿದ್ದರೆ ವೆನ್ಲಾಫ್ಯಾಕ್ಸಿನ್, ಗ್ಯಾಬಪೆಂಟಿನ್ ಸಣ್ಣ ಡೋಸಿನಲ್ಲಿ ಕೊಡುತ್ತಾರೆ. ಖಿನ್ನತೆಯ ಮಾತ್ರೆ ಯಾಕೆ ಬರೆದರು ಎಂದು ಗಾಬರಿಯಾಗಬೇಡಿ, ಅದು ಬಿಸಿ ಇಳಿಸಲು.

ಅರೋಮಟೇಸ್ ಮಾತ್ರೆಯ ಕೀಲುನೋವು ಬೆಳಿಗ್ಗೆ ಎದ್ದಾಗ ಜೋರು. ಬೆರಳು ಮಡಚಲು ಬರುವುದಿಲ್ಲ, ಮಂಡಿ ಹಿಡಿದುಕೊಂಡಂತಾಗುತ್ತದೆ, ಕೆಲವರಿಗೆ ಬೆರಳು ಮಡಚಿದಲ್ಲೇ ಸಿಕ್ಕಿಕೊಳ್ಳುತ್ತದೆ. ಕುಳಿತಷ್ಟೂ ಹೆಚ್ಚುವ ನೋವಿದು. ವಾರಕ್ಕೆ ಒಟ್ಟು 150 ನಿಮಿಷ ಬಿರುಸಾದ ನಡಿಗೆ, ಎರಡು ದಿನ ಭಾರ ಎತ್ತುವ ಇಲ್ಲವೇ ರಬ್ಬರ್ ಬ್ಯಾಂಡ್ ಎಳೆಯುವ ವ್ಯಾಯಾಮ: ಇಷ್ಟು ಮಾಡಿದವರಲ್ಲಿ ನೋವು ಕಡಿಮೆಯಾಗಿರುವುದನ್ನು ಅಧ್ಯಯನಗಳು ತೋರಿಸಿವೆ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ದೂರವೆಂದರೆ ಬಡಾವಣೆಯ ಪಾರ್ಕೇ ಸಾಕು, ಮಾತಾಡುತ್ತ ಅಡ್ಡಾಡುವ ನಡಿಗೆಯಲ್ಲದಿದ್ದರೆ ಆಯಿತು. ವ್ಯಾಯಾಮಕ್ಕೂ ಬಗ್ಗದಿದ್ದರೆ ಡುಲೊಕ್ಸೆಟಿನ್ ಇದೆ (ಟ್ಯಾಮಾಕ್ಸಿಫೆನ್ ಇರುವವರಿಗೆ ಮಾತ್ರ ಇದು ಸರಿಹೊಂದದು). ಅದೂ ಆಗದಿದ್ದರೆ ಡಾಕ್ಟರು ಎರಡರಿಂದ ನಾಲ್ಕು ವಾರ ಮಾತ್ರೆ ನಿಲ್ಲಿಸಿ, ಲೆಟ್ರೊಜೋಲ್ ಇದ್ದವರಿಗೆ ಎಕ್ಸೆಮೆಸ್ಟೇನ್, ಹೀಗೆ ಇನ್ನೊಂದಕ್ಕೆ ಬದಲಿಸುತ್ತಾರೆ. ಒಂದು ಒಗ್ಗದವರಿಗೆ ಇನ್ನೊಂದು ಒಗ್ಗುವುದು ಮಾಮೂಲು. ಕಡೆಗೆ ಟ್ಯಾಮಾಕ್ಸಿಫೆನ್ ಅಂತೂ ಇದ್ದೇ ಇದೆ.

ಮೂಳೆ ಸವೆಯುವುದು ನೋವಿಲ್ಲದೆ ನಡೆಯುತ್ತದೆ. ದಿನಕ್ಕೆ ಊಟ, ಮಾತ್ರೆ ಎರಡೂ ಸೇರಿ 1000ರಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ; ಮಧ್ಯಾಹ್ನ ಮುದ್ದೆ, ರಾತ್ರಿ ಮಜ್ಜಿಗೆ ಇದ್ದವರಿಗೆ ಅರ್ಧ ದಾರಿ ಸವೆಯಿತು. ಡೆಕ್ಸಾದಲ್ಲಿ ಮೂಳೆಯ ಗಟ್ಟಿತನ ಹೇಳುವ ಟಿ-ಸ್ಕೋರ್ ಮೈನಸ್ 2ಕ್ಕಿಂತ ಕೆಳಗಿದ್ದರೆ ಆರು ತಿಂಗಳಿಗೊಮ್ಮೆ ಝೊಲೆಡ್ರಾನಿಕ್ ಆಸಿಡ್ 4 ಮಿಲಿಗ್ರಾಂ ಡ್ರಿಪ್ ಹಾಕುವುದು ರೂಢಿ. ಮುಟ್ಟು ನಿಂತವರಲ್ಲಿ ಅದು ಕ್ಯಾನ್ಸರ್ ಮೂಳೆಗೆ ಹರಡುವುದನ್ನೂ ಸ್ವಲ್ಪ ತಗ್ಗಿಸುತ್ತದೆ. ಅದಕ್ಕೂ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಕೀಳಬೇಕಾದ ಹಲ್ಲು ಕೀಳಿಸಿಕೊಂಡುಬಿಡಿ. ಡ್ರಿಪ್ ಆದ ಮೇಲೆ ಹಲ್ಲು ಕೀಳಿಸಿದರೆ ದವಡೆ ಮೂಳೆ ಮಾಯದೆ ಕೊಳೆಯುವ ತೊಂದರೆ ಅಪರೂಪಕ್ಕಾದರೂ ಬರುತ್ತದೆ. ಮೊದಲ ಡ್ರಿಪ್ಪಿನ ರಾತ್ರಿ ಜ್ವರ, ಮೈಕೈ ನೋವು ಬಂದರೆ ಪ್ಯಾರಸಿಟಮಾಲ್ ಸಾಕು.

ಯೋನಿ ಒಣಗಿ ಉರಿಯಾಗುವುದು, ಗಂಡನ ಜೊತೆ ಸೇರುವಾಗ ನೋವಾಗುವುದು ಒಪಿಡಿಯಲ್ಲಿ ಯಾರೂ ಹೇಳದ ದೂರು. ಹಾರ್ಮೋನ್ ಇಲ್ಲದ ಮಾಯಿಶ್ಚರೈಸರ್ ವಾರಕ್ಕೆ ಎರಡು ಮೂರು ಸಲ, ಬೇಕಾದಾಗ ನೀರಿನಾಧಾರದ ಜೆಲ್. ಈಸ್ಟ್ರೋಜನ್ ಇರುವ ಕ್ರೀಮನ್ನು ಆಂಕಾಲಜಿಸ್ಟ್ ಒಪ್ಪದೆ ಹಚ್ಚಬೇಡಿ.

ಟ್ಯಾಮಾಕ್ಸಿಫೆನ್ ಮತ್ತು ಗರ್ಭಕೋಶದ ಬಗ್ಗೆ ಹೆದರಿಕೆ ಹೆಚ್ಚು, ತಿಳಿವಳಿಕೆ ಕಡಿಮೆ. ಗರ್ಭಕೋಶದ ಕ್ಯಾನ್ಸರ್ ಸಾಧ್ಯತೆ ಏರುವುದು ನಿಜ, ಮುಖ್ಯವಾಗಿ ಮುಟ್ಟು ನಿಂತವರಲ್ಲಿ. ಮುಟ್ಟಿರುವ ಚಿಕ್ಕ ವಯಸ್ಸಿನವರಲ್ಲಿ ಅಷ್ಟಾಗಿ ಇಲ್ಲ. ಎಚ್ಚರದ ಗುರುತು ರಕ್ತಸ್ರಾವ: ಮುಟ್ಟು ನಿಂತ ಮೇಲೆ ಒಂದು ತೊಟ್ಟು ಕಂಡರೂ ಅದೇ ವಾರ ಸ್ತ್ರೀರೋಗ ತಜ್ಞರಲ್ಲಿಗೆ. ರಕ್ತವೇ ಹೋಗದವರಿಗೆ ವರ್ಷ ವರ್ಷ ಸ್ಕ್ಯಾನ್ ಮಾಡಿಸಬೇಕೆಂದಿಲ್ಲ. ಈ ಮಾತ್ರೆ ನುಂಗುವವರ ಒಳಪದರ ಸ್ಕ್ಯಾನಿನಲ್ಲಿ ಹೇಗೂ ದಪ್ಪ ಕಾಣುತ್ತದೆ. ‘ಮಾಸ್ಟರ್ ಹೆಲ್ತ್ ಚೆಕಪ್’ ಪ್ಯಾಕೇಜಿನಲ್ಲಿ ಅದು ಕಂಡು, ಅಲ್ಲಿಂದ ಡಿ ಅಂಡ್ ಸಿ (ಒಳಪದರ ಕೆರೆದು ತೆಗೆಯುವುದು), ಅಲ್ಲಿಂದ ಗರ್ಭಕೋಶವನ್ನೇ ತೆಗೆಸುವ ಸಲಹೆ, ಹೀಗೆ ಬೆಳೆಯುತ್ತ ಹೋಗುತ್ತದೆ.

ಕೆಲವಕ್ಕೆ ಅಪಾಯಿಂಟ್‌ಮೆಂಟ್ ಕಾಯಬಾರದು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಅಥವಾ ಎದೆ ಚುಚ್ಚುವುದು, ಬಾಯಿ ಸೊಟ್ಟಗಾಗಿ ಮಾತು ತೊದಲುವುದು, ಕಣ್ಣು ಮಂಜಾಗುವುದು. ಮೊದಲ ಮೂರಕ್ಕೆ ನೇರ ಎಮರ್ಜೆನ್ಸಿಗೆ, ಬೇಕಾದರೆ 108ಕ್ಕೆ ಕರೆ ಮಾಡಿ, ಟ್ಯಾಮಾಕ್ಸಿಫೆನ್ ತಗೊಳ್ಳುತ್ತಿರುವುದನ್ನು ಮೊದಲ ಮಾತಿನಲ್ಲೇ ಹೇಳಿ. ಬೇರೆ ಯಾವುದಾದರೂ ದೊಡ್ಡ ಆಪರೇಷನ್ ಗೊತ್ತಾದರೆ ಟ್ಯಾಮಾಕ್ಸಿಫೆನ್ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಕೇಳಿಕೊಳ್ಳಿ. ರಾತ್ರಿಯಿಡೀ ಬಸ್ಸಿನಲ್ಲಿ ಬೀದರ್, ಕಲಬುರಗಿಗೆ ಹೋಗುವುದಾದರೆ ಬಸ್ಸು ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ಹಾಕಿ, ನೀರು ಕುಡಿಯಿರಿ.

ಮಗು ಬೇಕೆನ್ನುವವರಿಗೆ

ಟ್ಯಾಮಾಕ್ಸಿಫೆನ್ ಅಂಡ ಬಿಡುಗಡೆಯನ್ನು ಹೆಚ್ಚಿಸಬಲ್ಲದು ಎಂದೆವಲ್ಲ, ಅದಕ್ಕೇ ಮುಟ್ಟು ಏರುಪೇರಾಗಿದ್ದರೂ ಬಸಿರು ನಿಲ್ಲಬಹುದು. ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಕಾಂಡೋಮ್ ಇಲ್ಲವೇ ಕಾಪರ್-ಟಿ ಕಡ್ಡಾಯ. ಮಗು ಬೇಕೆಂದರೆ ದಾರಿ ಮುಚ್ಚಿಲ್ಲ: 2023ರಲ್ಲಿ ಪ್ರಕಟವಾದ ‘ಪಾಸಿಟಿವ್’ ಅಧ್ಯಯನದಲ್ಲಿ 42 ವರ್ಷದವರೆಗಿನ ಹೆಂಗಸರು 18ರಿಂದ 30 ತಿಂಗಳು ಮಾತ್ರೆ ತಗೊಂಡು, ಎರಡು ವರ್ಷದವರೆಗೆ ಬಿಡುವು ಪಡೆದು, ಹೆತ್ತು, ಮತ್ತೆ ಶುರುಮಾಡಿದರು. ಸದ್ಯದ ಲೆಕ್ಕದಲ್ಲಿ ಅವರಲ್ಲಿ ಮರುಕಳಿಕೆ ಹೆಚ್ಚಾಗಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಮೂರು ತಿಂಗಳು ಬಿಟ್ಟು ಪ್ರಯತ್ನ. ಅಂಡ ಕಾಯ್ದಿರಿಸುವ ಮಾತನ್ನು ಮಾತ್ರ ಕೀಮೋಗೂ ಮೊದಲೇ ಆಡಬೇಕು.

ಐದೋ, ಹತ್ತೋ

ಐದು ವರ್ಷ ತುಂಬಿದ ದಿನ ತಾವಾಗಿ ನಿಲ್ಲಿಸಬೇಡಿ. ಇಆರ್ ಪಾಸಿಟಿವ್ ಕಾಯಿಲೆ ಇಪ್ಪತ್ತು ವರ್ಷದವರೆಗೂ ತಲೆಯೆತ್ತಬಲ್ಲದು. ‘ಅಟ್ಲಾಸ್’ ಅಧ್ಯಯನದಲ್ಲಿ ಟ್ಯಾಮಾಕ್ಸಿಫೆನ್ನನ್ನು ಐದರ ಬದಲು ಹತ್ತು ವರ್ಷ ಕೊಟ್ಟಾಗ, 5ರಿಂದ 14ನೇ ವರ್ಷದ ನಡುವೆ ಸ್ತನ ಕ್ಯಾನ್ಸರಿನಿಂದ ಸತ್ತವರ ಪ್ರಮಾಣ 15%ರಿಂದ 12.2%ಕ್ಕೆ ಇಳಿಯಿತು, ಗರ್ಭಕೋಶದ ಕ್ಯಾನ್ಸರ್ 1.6%ರಿಂದ 3.1%ಕ್ಕೆ ಏರಿತು. ಕಂಕುಳಿಗೆ ಹರಡಿದ್ದವರಿಗೆ ಮುಂದುವರಿಸುವುದು ಲಾಭ. ಸಣ್ಣ ಗಂಟು, ಗ್ರಂಥಿ ಸ್ವಚ್ಛ, ಮೂಳೆ ದುರ್ಬಲ ಎನ್ನುವವರಿಗೆ ಐದಕ್ಕೇ ನಿಲ್ಲಿಸುವುದು ತಪ್ಪಲ್ಲ.

ಬೇರೆ ಅಂಗಕ್ಕೆ ಹರಡಿದ ಕಾಯಿಲೆಯಲ್ಲಿ ಈ ಮಾತ್ರೆಗಳ ಜೊತೆ, ಕ್ಯಾನ್ಸರ್ ಕೋಶ ಒಂದು ಎರಡಾಗುವುದನ್ನು ತಡೆಯುವ ಪಾಲ್ಬೊಸಿಕ್ಲಿಬ್, ರೈಬೊಸಿಕ್ಲಿಬ್, ಅಬೆಮಾಸಿಕ್ಲಿಬ್‌ಗಳಲ್ಲೊಂದು ಸೇರುತ್ತದೆ. ಪಾಲ್ಬೊಸಿಕ್ಲಿಬ್ ಪೇಟೆಂಟ್ 2023ರ ಜನವರಿಯಲ್ಲಿ ಮುಗಿದು ದೇಶಿ ಕಂಪನಿಗಳ ಮಾತ್ರೆ ಬಂದಿರುವುದರಿಂದ ಬೆಲೆ ಬಹಳ ಇಳಿದಿದೆ, ಹಳೆಯ ಬೆಲೆ ಕೇಳಿ ಕೈಬಿಟ್ಟವರು ಮತ್ತೆ ವಿಚಾರಿಸಿ. ಇದನ್ನು 21 ದಿನ ನುಂಗಿ 7 ದಿನ ಬಿಡುವು, ನಡುನಡುವೆ ರಕ್ತಕಣಗಳ ಎಣಿಕೆ. ರೈಬೊಸಿಕ್ಲಿಬ್‌ಗೆ ಇಸಿಜಿ ಬೇಕು. ಹೊಟ್ಟೆ ಕೆಟ್ಟಿತೆಂದು ಡೊಂಪೆರಿಡೋನ್, ಗಂಟಲು ಕೆಟ್ಟಿತೆಂದು ಅಜಿತ್ರೊಮೈಸಿನ್ ತಾವೇ ಕೊಂಡು ನುಂಗಬಾರದು, ಹೃದಯದ ಬಡಿತ ಹದ ತಪ್ಪುತ್ತದೆ. ಅಬೆಮಾಸಿಕ್ಲಿಬ್‌ನಲ್ಲಿ ಭೇದಿ ಹೆಚ್ಚು, ಲೊಪೆರಮೈಡ್ ಮನೆಯಲ್ಲಿರಲಿ. ಈ ಮೂರರಲ್ಲಿ ಯಾವುದನ್ನೇ ನುಂಗುವವರು ದೇವನಹಳ್ಳಿ ಚಕ್ಕೋತ ತಿನ್ನಬಾರದು. ಗ್ರೇಪ್‌ಫ್ರೂಟ್ ಜಾತಿಯ ಈ ಹಣ್ಣು ಕರುಳಿನ ಕಿಣ್ವವನ್ನು ತಡೆದು ಔಷಧಿ ರಕ್ತದಲ್ಲಿ ವಿಪರೀತ ಏರುವಂತೆ ಮಾಡುತ್ತದೆ.

ಕ್ಯಾನ್ಸರ್ ಬಾರದವರಿಗೆ, ಬರದಂತೆ

ಬಯಾಪ್ಸಿಯಲ್ಲಿ ‘ಏಟಿಪಿಕಲ್ ಹೈಪರ್‌ಪ್ಲೇಸಿಯಾ’ ಅಥವಾ ‘ಎಲ್‌ಸಿಐಎಸ್’ (ಕ್ಯಾನ್ಸರ್ ಅಲ್ಲದಿದ್ದರೂ ಮುಂದೆ ಬರುವ ಸಾಧ್ಯತೆ ಹೆಚ್ಚಿಸುವ ಕೋಶಗಳ ಏರುಪೇರು) ಎಂದು ಬಂದವರು, ಅಮ್ಮ, ಅಕ್ಕತಂಗಿ, ಚಿಕ್ಕಮ್ಮಂದಿರಲ್ಲಿ ಹಲವರಿಗೆ ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಂದಿರುವವರು ಹಾರ್ಮೋನ್ ತಡೆಯುವ ಮಾತ್ರೆಯ ಬಗ್ಗೆ ಕೇಳಬಹುದು. ದೂರದ ಅತ್ತೆಯೊಬ್ಬರಿಗೆ ಎಪ್ಪತ್ತರಲ್ಲಿ ಬಂದಿತ್ತು ಎಂಬುದು ಸಾಕಾಗುವುದಿಲ್ಲ. ಕುಟುಂಬದ ಇತಿಹಾಸ ಗಟ್ಟಿಯಾಗಿದ್ದರೆ ಮೊದಲು ಜೆನೆಟಿಕ್ ಕೌನ್ಸೆಲಿಂಗ್, ವಂಶದಲ್ಲಿ ಹರಿದುಬರುವ ಜೀನ್ ದೋಷ ಹುಡುಕುವ ಬಿಆರ್‌ಸಿಎ ಪರೀಕ್ಷೆ. ಪರೀಕ್ಷೆಯನ್ನು ಕಾಯಿಲೆ ಬಂದವರಿಂದಲೇ ಶುರುಮಾಡಿದರೆ ಉತ್ತರ ಸ್ಪಷ್ಟ.

1998ರಲ್ಲಿ ಪ್ರಕಟವಾದ, 13,388 ಹೆಂಗಸರ ಅಮೆರಿಕದ ಅಧ್ಯಯನದಲ್ಲಿ ಟ್ಯಾಮಾಕ್ಸಿಫೆನ್ 20 ಮಿಲಿಗ್ರಾಂ ಐದು ವರ್ಷ ಕೊಟ್ಟಾಗ ಹೊಸ ಸ್ತನ ಕ್ಯಾನ್ಸರ್ 49% ಕಡಿಮೆಯಾಯಿತು. ಕಡಿಮೆಯಾದದ್ದು ಇಆರ್ ಪಾಸಿಟಿವ್ ಬಗೆ ಮಾತ್ರ, ನೆಗೆಟಿವ್ ಬಗೆಗೆ ಈ ಮಾತ್ರೆ ತಡೆಯಲ್ಲ. ಬಿಆರ್‌ಸಿಎ-1 ದೋಷವಿರುವವರಲ್ಲಿ ಬರುವುದು ಹೆಚ್ಚಾಗಿ ಆ ನೆಗೆಟಿವ್ ಬಗೆಯೇ, ಆದ್ದರಿಂದ ಅವರು ಮಾತ್ರೆಯ ಮೇಲೆ ಭಾರ ಹಾಕುವಂತಿಲ್ಲ. ಮುಟ್ಟು ನಿಂತವರಿಗೆ ಅನಾಸ್ಟ್ರೊಜೋಲ್, ಎಕ್ಸೆಮೆಸ್ಟೇನ್, ರಾಲೊಕ್ಸಿಫೆನ್ 60 ಮಿಲಿಗ್ರಾಂ ಕೂಡ ಇವೆ. ಬಯಾಪ್ಸಿಯಲ್ಲಿ ಏರುಪೇರು ಕಂಡವರಿಗೆ ಟ್ಯಾಮಾಕ್ಸಿಫೆನ್ 5 ಮಿಲಿಗ್ರಾಂ ಮೂರೇ ವರ್ಷ ಕೊಟ್ಟರೂ ಕಾಯಿಲೆ ಅರ್ಧಕ್ಕಿಳಿಯುತ್ತದೆಂದು ಇಟಲಿಯ ಅಧ್ಯಯನ ತೋರಿಸಿದೆ, ಕಾಟವೂ ಕಡಿಮೆ. 5 ಮಿಲಿಗ್ರಾಂ ಅಂಗಡಿಯಲ್ಲಿ ಸಿಗದಿದ್ದರೆ 10ರ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಲು ಹೇಳುತ್ತಾರೆ. ಯಾವುದೇ ತಗೊಂಡರೂ ವರ್ಷಕ್ಕೊಂದು ಮ್ಯಾಮೋಗ್ರಾಂ ತಪ್ಪಿಸುವಂತಿಲ್ಲ. ಹಳೆಯ ಫಿಲ್ಮು, ಸಿಡಿಗಳನ್ನು ಎಸೆಯದೆ ಪ್ರತಿ ಸಲವೂ ಜೊತೆಗೆ ಒಯ್ಯಿರಿ, ರೇಡಿಯಾಲಜಿಸ್ಟ್ ಹೋಲಿಸಿ ನೋಡುವುದು ಅವುಗಳ ಜೊತೆಗೇ.